ಮೂವತ್ತು ಮೈಕ್ರಾನ್

ಕಲ್ಲು ಕೊಯ್ಯುವುದು ನನ್ನ ಕೆಲಸ.
ಪುಣೆಯ ಕಾಲೇಜಿನ ನೆಲಮಾಳಿಗೆಯಲ್ಲಿ
ಮೂವತ್ತೊಂದು ವರ್ಷ.
ಇಂಡಿ ತಾಲ್ಲೂಕಿನವನಿಗೆ ಕಪ್ಪು ಕಲ್ಲೇನು ಹೊಸದೇ?
ನಮ್ಮೂರ ಬಾವಿಯ ಮೆಟ್ಟಿಲೂ ಅದೇ, ಬೀಸುಕಲ್ಲೂ ಅದೇ.
ಅದರೊಳಗೆ ಬೆಳಕು ಹಾಯುತ್ತದೆ ಎಂದವರು ಮಾತ್ರ
ಪರಚುರೆ ಬಾಯಿ ಒಬ್ಬರೇ.

‘ತಿಕ್ಕು ಈರಪ್ಪ, ಇನ್ನೂ ತಿಕ್ಕು.
ಕೂದಲೇ ದಪ್ಪ ಅನ್ನಿಸಬೇಕು.’

ಗಾಜಿನ ಹಲಗೆ, ನೀರು, ಕಾರ್ಬೊರಂಡಮ್ ಪುಡಿ.
ಇಂಗ್ಲಿಷ್ ಎಂಟು ಬರೆದ ಹಾಗೆ ಕೈ ತಿರುಗಬೇಕು,
ಕನ್ನಡದ ಎಂಟಲ್ಲ,
ಅದು ಬಾಯಿ ತೆರೆದುಕೊಂಡೇ ಇರುತ್ತದೆ,
ಸುತ್ತು ಮುಗಿಯುವುದಿಲ್ಲ.
ಒಂದು ಸುತ್ತು ಹೆಚ್ಚಾದರೆ ಕಲ್ಲೇ ಇಲ್ಲ,
ಗಾಜಿನ ಮೇಲೆ ಬೂದುಬಣ್ಣದ ನೀರು.

ಸರಿಯಾಗಿ ಮೂವತ್ತು ಮೈಕ್ರಾನಿಗೆ ನಿಂತರೆ
ಸೂಕ್ಷ್ಮದರ್ಶಕದಡಿ
ಇಳಕಲ್ ಸೀರೆಯ ದಡಿಯಂತೆ ಗೆರೆಗೆರೆ ಹರಳು,
ನಡುವೆ ನವಿಲುಬಣ್ಣದ ಚೂರು,
ಎಷ್ಟು ತಿಕ್ಕಿದರೂ ಕರಗದ ಕಪ್ಪು ಚುಕ್ಕಿ.

ಬಾಯಿ ಘಾಟು ಹತ್ತುತ್ತಿದ್ದರು.
ಕಾತ್ರಜ, ವರಂಧ, ಸಿಂಹಗಡದ ಹಿಂಬದಿಯ ಜಾರು.
ನೌವಾರಿ ಉಟ್ಟ ಅವರಮ್ಮ ಕೆಳಗೆ ಜೀಪಿನಲ್ಲಿ ಕೂತು
ಬಟಾಣಿ ಸುಲಿಯುತ್ತಿದ್ದರಂತೆ.
ಮಗಳು ಮೇಲೆ ಸುತ್ತಿಗೆ ಹಿಡಿದು
ಲಾವಾ ಎಷ್ಟು ಸಲ ಹರಿಯಿತು ಎಂದು ಎಣಿಸುತ್ತಿದ್ದಳು.
ಹನ್ನೊಂದು ಎಂದರು.
ನಾಲ್ಕಕ್ಕೂ ಐದಕ್ಕೂ ನಡುವೆ ಒಂದು ಗೇಣು ಕೆಂಪು:
ಅಲ್ಲಿ ಬೆಂಕಿ ಮಲಗಿತ್ತು,
ಮಣ್ಣಾಗುವಷ್ಟು ಕಾಲ, ಹುಲ್ಲು ಬರುವಷ್ಟು ಕಾಲ.

ಎಂಬತ್ತನಾಲ್ಕರಲ್ಲಿ ಅಚ್ಚಾಯಿತು ಲೇಖನ.
ಊರೂರಿನ ಪಂಡಿತರು ಆ ಹನ್ನೊಂದನ್ನು ಹಿಡಿದು
ತಮ್ಮ ತಮ್ಮ ಗುಡ್ಡ ಎಣಿಸಿದರು.
ಕೊನೆಯ ಪುಟದಲ್ಲಿ, ಸಣ್ಣಕ್ಷರದಲ್ಲಿ,
ಕಲ್ಲು ಕೊಯ್ದುಕೊಟ್ಟ ಶ್ರೀ ಮಮದಾಪುರಕರ ಅವರಿಗೆ ಕೃತಜ್ಞತೆ.
ನಾನು ಮಮದಾಪುರ.
‘ಕರ’ ಪುಣೆಯವರು ಹಚ್ಚಿದ್ದು.

ಹದಿನಾರು ವರ್ಷದ ಮೇಲೆ
ಮಡಗಾವಿನ ಹುಡುಗಿ, ಜಸಿಂತಾ ರೆಬೆಲೊ,
ಅವರದೇ ವಿದ್ಯಾರ್ಥಿನಿ, ಬಂದು ನಿಂತಳು.
ಬಾಯಾರಿದವರಂತೆ ನಾಲಗೆ ಸವರಿಕೊಂಡು ಹೇಳಿದಳು:
ಹನ್ನೊಂದಲ್ಲ, ಹತ್ತು.
ನಾಲ್ಕೂ ಐದೂ ಒಂದೇ ಹರಿವಿನ ಎರಡು ಬೆರಳು,
ಕೆಂಪು ಮಣ್ಣಲ್ಲ,
ಬಿಸಿಗೆ ಸುಟ್ಟ ಜಲ್ಲಿ.

ಬಾಯಿ ಆ ದಿನ ಚಹಾ ಕುಡಿಯಲಿಲ್ಲ.
ಮರುದಿನ ಎರಡು ಕಲ್ಲು ತಂದರು,
ಕಾಗದ ಸುತ್ತಿ, ಹೆಸರು ಬರೆಯದೆ.
‘ಯಾವುದು ಎಲ್ಲಿಯದು ಅಂತ ನಿನಗೂ ತಿಳಿಯಬಾರದು. ಕೊಯ್ಯಿ.’
ಕೊಯ್ದೆ. ನೋಡಿದರು.
ಬಹಳ ಹೊತ್ತು ನೋಡಿದರು.
ಆಮೇಲೆ ಕನ್ನಡಕ ತೆಗೆದು ಅಂದರು:
‘ಪೋರಿ ಗೆದ್ದಳು.’
ಪತ್ರಿಕೆಗೆ ತಾವೇ ಪತ್ರ ಬರೆದರು, ಎರಡೇ ಸಾಲು.

ಈಗ ಎಲ್ಲರೂ ಬರೆಯುತ್ತಾರೆ:
ಪರಚುರೆ, ರೆಬೆಲೊ ತಿದ್ದಿದಂತೆ.
ಮೊದಲು ಬಂದ ಹರಿವಿನ ಮೇಲೆ ಇನ್ನೊಂದು.
ಅಡಿಯದು ಕಾಣುವುದಿಲ್ಲ ನಿಜ;
ಮೇಲಿನದು ನಿಂತಿರುವುದು ಎಲ್ಲಿ?

ಬಾಯಿ ಹೋಗಿ ಆರು ವರ್ಷ.
ನಾನು ನಿವೃತ್ತ. ಬೀಗದ ಕೈ ಮಾತ್ರ ಇನ್ನೂ ಕರೆಸಿ ಕೇಳುತ್ತಾರೆ,
ಮೂರನೆಯ ಕಪಾಟು ಎತ್ತಿ ತಿರುಗಿಸಿದರೇ ತೆರೆಯುವುದು.

ಹೋದ ವಾರ ಒಬ್ಬಳು ಬಂದಿದ್ದಳು,
ಜಸಿಂತಾಳ ವಿದ್ಯಾರ್ಥಿನಿ.
ನಾನೂರ ಹದಿನೇಳನೆಯ ಸ್ಲೈಡು ಬೇಕಂತೆ.
ಕೊಟ್ಟೆ. ಕಣ್ಣಿಟ್ಟು ಅಂಚಿಗೆ ಸರಿಸಿದವಳು
ತಟ್ಟನೆ ಕೇಳಿದಳು:
‘ಕಾಕಾ, ಇಲ್ಲಿ ಬಾಗಿದ ಗೆರೆಗಳು, ಸಾಲು ಸಾಲು,
ಇದು ಯಾವ ರಚನೆ?’

ಬಗ್ಗಿ ನೋಡಿದೆ.
ಬಾಲ್ಸಮ್ ಆರುವ ಮೊದಲೇ ಒತ್ತಿದ್ದೆ,
ಅವಸರದಲ್ಲಿ, ಎಂಬತ್ತಮೂರರ ಮಳೆಗಾಲ,
ಸಂಜೆಯ ಸೋಲಾಪುರ ಪ್ಯಾಸೆಂಜರ್ ಹಿಡಿಯಬೇಕಿತ್ತು.

‘ಅದು ಹೆಬ್ಬೆಟ್ಟು’ ಎಂದೆ.
ಅವಳು ನಗಲಿಲ್ಲ.
ಗೆರೆಗೂ ಗೆರೆಗೂ ನಡುವಿನ ದೂರ ಅಳೆದು
ವಹಿಯಲ್ಲಿ ಬರೆದುಕೊಂಡು
ಮುಂದಿನ ಸ್ಲೈಡು ಕೇಳಿದಳು.