ಜನ: ಎರಡು

ಧನುರ್ಮಾಸ. ಛತ್ರಗಳಿಗೆಲ್ಲ ಬೀಗ.
ಇವರ ಬಾಣಲೆ, ಜಾಲರಿ, ಆಳೆತ್ತರದ ಸಟ್ಟುಗ
ಹಿತ್ತಿಲ ಶೀಟಿನ ಕೆಳಗೆ ಬೋರಲು ಮಲಗಿವೆ.
ಕಂದವಾರ ಕೆರೆಯ ಮೇಲಿಂದ ಎದ್ದ ಮಂಜು
ಗಂಟೆ ಎಂಟಾದರೂ ಬೀದಿ ಬಿಡುವುದಿಲ್ಲ.
ನಂದಿ ಬೆಟ್ಟ ಇದ್ದ ಕಡೆ ಬರೀ ಬಿಳಿ.
ಹಾಲಿನವನ ಕೆಮ್ಮು ಮೊದಲು ಬರುತ್ತದೆ,
ಆಮೇಲೆ ಹಾಲಿನವನು.

ಇಂಥ ಚಳಿಯಲ್ಲಿ ಬಾಯಿ ಸುಮ್ಮನಿರುವುದಿಲ್ಲ.
ಬೆಚ್ಚಗೆ ಏನಾದರೂ, ಸಿಹಿಯಾಗಿ ಏನಾದರೂ ಎಂದು
ಒಳಗೊಳಗೇ ಪೀಡಿಸುತ್ತದೆ.
ಫ್ರಿಜ್ಜಿನ ಮೇಲೆ ಆಸ್ಪತ್ರೆಯ ಚೀಟಿ:
ಊಟಕ್ಕೆ ಮೊದಲು ನೂರ ತೊಂಬತ್ತು,
ಊಟವಾದ ಮೇಲೆ ಇನ್ನೂರ ಎಂಬತ್ತು.

ಅದರ ಲೆಕ್ಕ ನನಗೆ ಗೊತ್ತು.
ಇಪ್ಪತ್ತಾರು ವರ್ಷ, ಪ್ರತಿ ಲಗ್ನದ ಮಾರನೆಯ ದಿನ
ಸ್ಟೀಲಿನ ಕ್ಯಾರಿಯರ್ ತಳದಲ್ಲಿ ತಣ್ಣಗೆ ಕೂತು ಬಂದ
ಬೂಂದಿ ಲಾಡು, ಬಾದಾಮಿ ಹಲ್ವ, ತುದಿ ಮುರಿದ ಚಿರೋಟಿ.
ಯಾರದೋ ಮಗಳ ಧಾರೆ, ಯಾರದೋ ಮಗನ ರಿಸೆಪ್ಷನ್,
ಎಲ್ಲರ ಸಂಭ್ರಮದ ಕೊನೆಯ ತುತ್ತು ನನ್ನದು.
ಬಿಸಾಡಲು ಮನಸ್ಸು ಬರಲಿಲ್ಲ. ತಿಂದೆ.

ಇವತ್ತು ಇವರು ಅಡುಗೆಮನೆಗೆ ಬಂದು
ನನ್ನ ಪುಟ್ಟ ಸ್ಟೋವಿನ ಮುಂದೆ ನಿಂತರು,
ಅಂಗನವಾಡಿಯ ಕುರ್ಚಿಯಲ್ಲಿ ಕೂತ ದೊಡ್ಡವರ ಹಾಗೆ.
ಖುರ್ಷಿದಮ್ಮನ ಮರದಿಂದ ಗೋಡೆ ದಾಟಿ ಬಿದ್ದ ಸೀಬೆ, ಮೂರು.
ನೀಲಿ ದ್ರಾಕ್ಷಿ, ಬೀಜದ್ದು, ಹಣ್ಣಾದರೂ ಹುಳಿ ಬಿಡದ್ದು, ನಮ್ಮೂರಿನದು.
ಸಾವಿರ ಎಲೆಗೆ ಕಣ್ಣಳತೆಯಲ್ಲೇ ಸಕ್ಕರೆ ಸುರಿದ ಕೈ
ದ್ರಾಕ್ಷಿ ಎಣಿಸುತ್ತಿತ್ತು. ಹದಿಮೂರು. ಹದಿನಾಲ್ಕು.
ಹದಿನೈದಕ್ಕೆ ನನ್ನ ಮುಖ ನೋಡಿ ನಿಂತಿತು.

ಸೀಬೆಯ ಬೀಜ ಬಿಡಿಸಿ, ತಿರುಳು ಹೆಚ್ಚಿ,
ಸಿಪ್ಪೆ ಇರಲಿ ಅಂದರಂತೆ ಡಾಕ್ಟರಮ್ಮ.
ಜಜ್ಜಿದ ಶುಂಠಿ, ಎರಡು ಕಾಳು ಮೆಣಸು, ಒಂದು ಲವಂಗ.
ಗಟ್ಟಿಯಾಗಲೆಂದು ಚಮಚ ರಾಗಿ ಹಿಟ್ಟು, ನೀರಲ್ಲಿ ಕದಡಿದ್ದು.
ಅಭ್ಯಾಸಬಲ, ಬೆಲ್ಲದ ಡಬ್ಬಿಗೆ ಕೈ ಹೋಯಿತು.
ಮುಚ್ಚಳ ತಿರುವಿ, ಮೂಸಿ, ಮತ್ತೆ ಮುಚ್ಚಿದರು.
ದ್ರಾಕ್ಷಿ ಒಡೆದು ಪಾತ್ರೆಯೆಲ್ಲ ನೇರಳೆ.
ಮೇಲೊಂದಿಷ್ಟು ಹುರಿದ ಕಡಲೆಕಾಯಿ ಬೀಜ, ಒರಟಾಗಿ ಕುಟ್ಟಿ.

ಇದಕ್ಕೇನು ಹೆಸರು? ಅಂದೆ.
ಪಾಯಸ ಅಲ್ಲ, ಹಲ್ವ ಅಲ್ಲ, ಗೊಜ್ಜಿನ ಜಾತಿಗೂ ಸೇರದು.
"ಗೊತ್ತಿಲ್ಲ. ಬಿಸಿ ಇರುವಾಗಲೇ ತಿನ್ನು" ಅಂದರು.

ಮೊದಲು ಶುಂಠಿ ಗಂಟಲಿಗಿಳಿಯಿತು.
ಸಿಹಿ ಹಿಂದಿನಿಂದ ಬಂತು, ಚಪ್ಪಲಿ ಬಿಟ್ಟು,
ತಡವಾಗಿ ಬಂದ ನೆಂಟರು ಒಳಗೆ ಬರುವಂತೆ ಮೆಲ್ಲಗೆ.
ಹೆಗಲ ಟವೆಲ್ಲಿಗೆ ಕೈ ಒರೆಸುತ್ತ, ಒರೆಸುತ್ತ
ಇವರು ಬಾಗಿಲ ಹತ್ತಿರ ನಿಂತೇ ಇದ್ದರು.
ಬಡಿಸುವ ಹುಡುಗರು ಬೇರೆ; ಇವರು ಯಾವತ್ತೂ ಒಲೆಯ ಹಿಂದೆ.
ತಿನ್ನುವವರ ಮುಖ ನೋಡಿ ರೂಢಿಯಿಲ್ಲ.

"ಹುಳಿ ಒಂಚೂರು ಮುಂದು" ಅಂದೆ.
ಇಷ್ಟು ವರ್ಷದಲ್ಲಿ ಇವರ ಅಡುಗೆಗೆ ನಾನು ಹೇಳಿದ ಮೊದಲ ಕೊರೆ.
ಇವರಿಗೆ ಅದೇನು ಖುಷಿಯೋ!

ರಾತ್ರಿ ಆರ್ಡರ್ ಪುಸ್ತಕ ತೆಗೆದರು.
ಮಾಘದ ಪುಟ. ಜನ: ಎಂಟುನೂರು. ಸಕ್ಕರೆ: ಅರವತ್ತು ಕೆಜಿ.
ಅದರ ಕೆಳಗೆ, ಅದೇ ದಪ್ಪ ಅಕ್ಷರದಲ್ಲಿ,
ಸೀಬೆ: ಮೂರು.
ದ್ರಾಕ್ಷಿ: ಹದಿನೈದು, ಅದನ್ನು ಹೊಡೆದುಹಾಕಿ, ಹನ್ನೆರಡು.
ಜನ: ಎರಡು.