ನೀಲಿ ಬಿಲ್ಲೆ

ಸಿಂಕಿನ ಕೆಳಗೆ, ಬಕೆಟ್ಟಿನ ಹಿಂದೆ,
ರಟ್ಟಿನ ಡಬ್ಬಿಯಲ್ಲಿ ಆರೇ ಆರು ಟೈಲ್ಸು.
ಬಿಳಿ ಮೈ, ನಟ್ಟನಡುವೆ ಆರೆಸಳಿನ ನೀಲಿ ಹೂವು.
ಈ ನಮೂನೆ ಈಗ ಬರುವುದಿಲ್ಲ ಎಂದ
ಸೆಟೂಬಲ್ಲಿನ ಅಂಗಡಿಯವ, ತಲೆ ಎತ್ತದೆ.

ಮೊದಲನೆಯದು ನನ್ನ ಕಣ್ಣಿನ ತಪ್ಪಿಗೆ ಹೋಯಿತು:
ಬಾಡಿಗೆ ಡ್ರಿಲ್ಲಿನ ಪುಟ್ಟ ಗುಂಡಿ
ಸುತ್ತಿಗೆಯ ಚಿತ್ರಕ್ಕೇ ತಿರುಗಿತ್ತು, ನೋಡಿರಲಿಲ್ಲ.
ಟಪ್ ಅಂತ ಎರಡು ಹೋಳು.
ಎರಡನೆಯದು ಬಾಯಾರಿ ಸತ್ತಿತು.
ನೀರು ಕೊಡಬೇಕೆಂದು ಯಾರಿಗೆ ಗೊತ್ತು?
ಹೊಗೆ, ಸುಟ್ಟ ಮಣ್ಣಿನ ವಾಸನೆ,
ಕೂದಲೆಳೆಯಂಥ ಬಿರುಕೊಂದು
ಅವಸರವಿಲ್ಲದೆ ಅಂಚಿನವರೆಗೆ ನಡೆದು ಹೋಯಿತು.

ಇಪ್ಪತ್ತೆರಡು ವರ್ಷ ಮೀನು ಡಬ್ಬಿಯ ಕಾರ್ಖಾನೆಯಲ್ಲಿ
ಬೂತಾಯಿ ತಲೆ ಕತ್ತರಿಸಿದ ಕೈ ಇದು.
ಮೀನಿಗೆ ಹೊಟ್ಟೆಯಿದೆ, ಮುಳ್ಳಿದೆ,
ಕತ್ತಿಗೆ ಅದೇ ದಾರಿ ಹೇಳುತ್ತದೆ.
ಟೈಲ್ಸು ಏನೂ ಹೇಳುವುದಿಲ್ಲ.
ಹೇಳುವುದು ಒಂದೇ ಮಾತು, ಅದೂ ತಡವಾಗಿ.

ಮೂರನೆಯದು ಸ್ವಿಚ್ಚಿನ ಚೌಕಕ್ಕೆ.
ಗೆರೆ ಎಳೆದೆ, ಗ್ರೈಂಡರ್ ಹಿಡಿದೆ,
ಮೂರು ಬದಿ ಬೆಣ್ಣೆ ಕೊಯ್ದ ಹಾಗೆ.
ನಾಲ್ಕನೆಯದರಲ್ಲಿ ಮೂಲೆ ಬಾಯಿ ಬಿಟ್ಟಿತು.
ಆಗ ಬೈದದ್ದು ಟೈಲ್ಸಿಗೋ,
ಮುಂಗಡ ತಿಂದು ಮಾಯವಾದ ಪ್ಲಂಬರಿಗೋ, ನೆನಪಿಲ್ಲ.

ಬಾಗಿಲು ಬಡಿತ. ಕೆಳಮನೆಯ ಎರ್ಮೀನಿಯೊ,
ಜಗಳಕ್ಕೆಂದೇ ಶರ್ಟು ಹಾಕಿಕೊಂಡು ಬಂದವ.
ಮೂರು ಹೆಣ ನೋಡಿದ, ಜಗಳ ಮರೆತ.
"ಮೂಲೆಗೆ ಹೆದರಬೇಕು, ಜುಲ್ಮೀರಾ.
ಮೊದಲು ನಾಲ್ಕು ಮೂಲೆಗೂ ದುಂಡು ತೂತು ಹಾಕು.
ಬಿರುಕು ಓಡಿ ಬರುತ್ತದೆ, ದುಂಡಗಿದ್ದಲ್ಲಿ
ಎತ್ತ ಹೋಗಬೇಕೋ ತಿಳಿಯದೆ ನಿಂತುಬಿಡುತ್ತದೆ."
ಊರಿನ ಅರ್ಧ ಬಚ್ಚಲುಗಳಿಗೆ ಹೂವು ಮುಡಿಸಿದ ಕೈ ಅವನದು.
ಈಗ ಚಮಚ ಹಿಡಿದರೆ ಸೂಪು ಮೇಜಿನ ಪಾಲು.
ಡ್ರಿಲ್ಲನ್ನು ನೋಡಿದ, ಮುಟ್ಟಲಿಲ್ಲ.
ಅಡುಗೆಮನೆಗೆ ಹೋಗಿ
ನನ್ನ ಕಾಫಿ ಕಪ್ಪಿನಲ್ಲಿ ನೀರು ತಂದ.

"ಓರೆಯಾಗಿ ಹಿಡಿ. ಮೊದಲು ಅರ್ಧಚಂದ್ರ.
ಕಚ್ಚಿಕೊಂಡ ಮೇಲೆ ಮೆಲ್ಲಗೆ ನೆಟ್ಟಗೆ ಮಾಡು.
ಒತ್ತಬೇಡ, ಯಂತ್ರದ ಭಾರವೇ ಸಾಕು."
ನಾನು ಕೊರೆದೆ, ಅವನು ಸುರಿದ.
ಗಟ್ಟಿ ಕೈಯಾದರೆ ಧಾರೆ ಬೀಳುತ್ತಿತ್ತು;
ನಡುಗುವ ಕೈಯಿಂದ ಹನಿ, ಹನಿ, ಮತ್ತೊಂದು ಹನಿ,
ಬೇಕಾದಷ್ಟೇ.
ಬಿಳಿ ಕೆಸರು ಹಾಲಿನಂತೆ ನನ್ನ ಮೊಣಕಾಲಿಗಿಳಿಯಿತು.
ಶಬ್ದ ಬದಲಾಯಿತು. "ನಿಲ್ಲು" ಎಂದ,
ನನಗಿಂತ ಮೊದಲೇ ಕೇಳಿಸಿಕೊಂಡು.

ಬಿಲ್ಲೆ ಕಳಚಿ ಅಂಗೈಗೆ ಬಿತ್ತು, ಬೆಚ್ಚಗೆ.
ಐದೆಸಳು ಬಿಲ್ಲೆಗೆ, ಒಂದೆಸಳು ಗೋಡೆಗೆ.
ಎರಡು ಮಿಲಿಮೀಟರ್ ತಪ್ಪಿದ್ದೇನೆ.
ನಲ್ಲಿಯ ಬುಡಕ್ಕೆ ಉಕ್ಕಿನ ಬಳೆ ತೊಡಿಸುವುದು
ಮತ್ತೇತಕ್ಕೆ, ಅಂದ.
ಬಳೆ ತೊಡಿಸಿದರೂ ಎಸಳಿನ ತುದಿ ಇಣುಕುತ್ತದೆ.
ಇಣುಕಲಿ.

ಐದನೆಯದಕ್ಕೆ ಮೊದಲು ಮೂಲೆಗಳು, ಆಮೇಲೆ ಗೆರೆಗಳು.
ಆರನೆಯದು ಡಬ್ಬಿಗೆ ಮರಳಿತು.
ಎರ್ಮೀನಿಯೊ ಹೊರಟ, ಜೇಬಿನಲ್ಲಿ ಬಿಲ್ಲೆ,
ಕೈಯಲ್ಲಿ ಮರೆತ ನನ್ನ ಕಪ್ಪು.

ಸಂಜೆ ಕಪ್ಪಿಗೆಂದು ಇಳಿದು ಹೋದೆ.
ಊಟಕ್ಕೆ ಕೂತಿದ್ದ. ಮೇಜಿನ ಕುಂಟು ಕಾಲಿನಡಿ
ನೆಲಕ್ಕೆ ಮುಖ ಮಾಡಿದ ಐದೆಸಳು.
ಸೂಪು ಎಂದಿನಂತೆ ಚೆಲ್ಲುತ್ತಿತ್ತು,
ಮೇಜು ಮಾತ್ರ ಅಲ್ಲಾಡಲಿಲ್ಲ.