ಬಲಕ್ಕೆ, ಎಡಕ್ಕೆ, ಬಲಕ್ಕೆ

ಜೂನ್ ಎರಡನೇ ವಾರ, ಮಕ್ಕಳೆಲ್ಲ ಹೊರಟ ಮೇಲೆ
ನನ್ನ ಕೆಲಸ ಶುರು.
ಊರಿನ ಮೂರು ಸರ್ಕಾರಿ ಹೈಸ್ಕೂಲು, ಎರಡು ಸಾವಿರದ ಚಿಲ್ಲರೆ ಲಾಕರು,
ಒಂದೊಂದನ್ನೂ ತೆರೆದು, ಖಾಲಿ ಮಾಡಿ, ಬೀಗದ ಅಂಕಿ ಬದಲಿಸಬೇಕು.
ಇಪ್ಪತ್ತಾರು ವರ್ಷದಿಂದ ಇದೇ.

ಮೊನ್ನೆ ಸಂಜೆ ಬೇಲಿಯಾಚೆಯಿಂದ ಇಮೆಲ್ಡಾ ಕರೆದಳು.
ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ನರ್ಸು.
ಸೆಬುವಿನಿಂದ ಈ ವಿಸ್ಕಾನ್ಸಿನ್ನಿನ ಚಳಿಗೆ ಬಂದು ಎಂಟು ತಿಂಗಳು,
ಹಿಮ ಗೋರುವ ಸಲಿಕೆಯನ್ನು ಇನ್ನೂ ಒಳಗಿಟ್ಟಿಲ್ಲ,
ಯಾವಾಗ ಬೀಳುತ್ತದೋ ಅಂತ.
ಕೈಯಲ್ಲೊಂದು ಹಾಳೆ. ಮೂರು ಹೆಸರು, ಎದುರಿಗೆ ಮೂರು ಅಂಕ:
ಗುಡ್ಡದ ಮೇಲಿನದಕ್ಕೆ ಹತ್ತಕ್ಕೆ ಎಂಟು,
ಸರೋವರದ ಪಕ್ಕದ್ದಕ್ಕೆ ಆರು,
ಕಾಗದದ ಗಿರಣಿಯ ಬೆನ್ನಿಗಿರುವುದಕ್ಕೆ ಮೂರು.
"ನೀನು ಎಲ್ಲದರ ಒಳಗೂ ಹೋಗಿದ್ದೀಯ, ಓರ್ವಿಲ್.
ಎಲ್ಲಿ ಬೇಕಾದರೂ ಸೇರಿಸಬಹುದಂತೆ.
ನನ್ನ ರೊಮೆಲ್ ಯಾವುದಕ್ಕೆ ಹೋಗಲಿ?"

ಮೂರು ಅಂಕದ್ದರಲ್ಲಿ ಓದಿದವನು ನಾನು.
ಹೇಳಿಕೊಳ್ಳಲಿಲ್ಲ.

ಗುಡ್ಡದ ಮೇಲಿನದು ಗಾಜಿನ ಕಟ್ಟಡ, ನೆಲದಲ್ಲಿ ಮುಖ ಕಾಣುತ್ತದೆ.
ಲಾಕರುಗಳು ಹೆಚ್ಚುಕಮ್ಮಿ ಬರಿದು, ಪುಸ್ತಕವೆಲ್ಲ ಪರದೆಯೊಳಗೆ.
ಸಿಕ್ಕರೆ ಟೆನಿಸ್ ಚೆಂಡು, ಮುಚ್ಚಳ ತೆಗೆಯದ ಸುಗಂಧದ ಸೀಸೆ.
ಒಮ್ಮೆ ಹನ್ನೊಂದು ಲಕೋಟೆ, ಎಲ್ಲ ಕಾಲೇಜುಗಳವು,
ಮನೆಯಿಂದ ತಂದು ಬಚ್ಚಿಟ್ಟದ್ದು, ಒಂದನ್ನೂ ಒಡೆದಿರಲಿಲ್ಲ.
ಧೈರ್ಯವಿರಲಿಲ್ಲವೋ, ಮನಸ್ಸೇ ಇರಲಿಲ್ಲವೋ.
ಆಫೀಸಿಗೆ ಕೊಟ್ಟೆ. ಸಹಿ ಹಾಕಿಸಿಕೊಂಡರು.

ಸರೋವರದ ಪಕ್ಕದ್ದರ ಬಗ್ಗೆ ಹೆಚ್ಚು ಹೇಳುವುದಿಲ್ಲ.
ಬೀಗಗಳಿಗೆ ತುಕ್ಕು. ಬ್ಯಾಂಡಿನವರ ಕೋಣೆ ಚೆನ್ನಾಗಿದೆ.

ಗಿರಣಿಯ ಬೆನ್ನಿನದರಲ್ಲಿ ನನ್ನ ಕೆಲಸ ಬೇಗ ಮುಗಿಯುತ್ತದೆ:
ಅರ್ಧಕ್ಕರ್ಧ ಬಾಗಿಲಿಗೆ ಬೀಗವೇ ಹಾಕಿರುವುದಿಲ್ಲ.
ಕದಿಯಲು ಏನಿದೆ ಅಂತ ನಗುತ್ತಾರೆ ಜನ.
ನಾನೂ ನಗುತ್ತಿದ್ದೆ,
ಇನ್ನೂರ ಹತ್ತೊಂಬತ್ತನೆಯದರಲ್ಲಿ ಆ ಕೋಟು ಸಿಗುವವರೆಗೆ.
ಒಂದೇ ಕೋಟು, ದಪ್ಪನೆಯದು, ಮಂಡಿಯುದ್ದದ್ದು.
ಕಾಲರಿನ ಒಳಗೆ ಬಾಲ್‌ಪೆನ್ನಿನಲ್ಲಿ ಬರೆದಿತ್ತು:
ಸೋಮ, ಮಂಗಳ ತೌ. ಬುಧವಾರ ಎಲ್ವಿನ್. ಗುರುವಾರ ಕ್ಲೆಮ್.
ಶುಕ್ರವಾರ ಯಾರಿಗೆ ಚಳಿಯೋ ಅವರು.

ಇದಕ್ಕೆ ಹತ್ತಕ್ಕೆ ಎಷ್ಟು?
ಕೊಡಲೇಬಾರದು ಅಂತಲೂ ಅನ್ನಿಸಿತು.
ಮಕ್ಕಳು ಕೋಟಿಗೆ ಪಾಳಿ ಹಾಕಿಕೊಳ್ಳುವ ಊರಿಗೆ
ಬೇಕಿದ್ದರೆ ಸೊನ್ನೆ ಹಾಕಲಿ.
ಮಡಚಿ ಅಲ್ಲೇ ಇಟ್ಟುಬಂದೆ. ನಿಯಮ ಅದಲ್ಲ.

ಹಾಗಂತ ಸುಳ್ಳು ಹೇಳಬಾರದು.
ಅಲ್ಲಿ ರಸಾಯನಶಾಸ್ತ್ರದ ಕೋಣೆಯ ನಲ್ಲಿಗೆ ಮೂರು ವರ್ಷದಿಂದ ನೀರಿಲ್ಲ.
ಗಣಿತದ ಮೇಷ್ಟ್ರು ಎರಡು ಸಲ ಬದಲಾದರು,
ಮೂರನೆಯವರು ಬರಲೇ ಇಲ್ಲ.

ಇದನ್ನೆಲ್ಲ ಇಮೆಲ್ಡಾಗೆ ಹೇಳಿದೆನೇ? ಅರ್ಧ ಹೇಳಿದೆ.
ಅವಳು ಹಾಳೆ ಮಡಚಿದಳು, ಬಿಚ್ಚಿದಳು, ಕೇಳಿದಳು:
"ಬೆಳಿಗ್ಗೆ ಬಸ್ಸು ಯಾವುದಕ್ಕೆ ತಡವಾಗಿ ಹೊರಡುತ್ತೆ?
ನನ್ನ ಪಾಳಿ ಮುಗಿಯೋದು ಏಳಕ್ಕೆ.
ಅವನು ಹೋಗೋ ಮೊದಲು ಒಂದು ಸಲ ಮುಖ ನೋಡಬೇಕು."

ನಮ್ಮ ಮೂಲೆಯಲ್ಲಿ ಏಳೂವರೆ ದಾಟಿದ ಮೇಲೆ ನಿಲ್ಲುವುದು
ಗಿರಣಿ ಕಡೆಯ ಬಸ್ಸೊಂದೇ.
ಹೇಳಿದೆ.
ಅವಳು ತಲೆಯಾಡಿಸಿದಳು. ಹಾಳೆಯ ಹಿಂಬದಿಗೆ ಹೊತ್ತು ಬರೆದುಕೊಂಡಳು.

ಆಗಸ್ಟಿನಲ್ಲಿ ಹೊಸ ಅಂಕಿಗಳ ಪಟ್ಟಿ ಬಂತು.
ರೊಮೆಲ್‌ಗೆ ಮುನ್ನೂರ ನಾಲ್ಕು, ಮೆಟ್ಟಿಲ ಪಕ್ಕ, ಬಾಗಿಲು ಕೊಂಚ ಸೊಟ್ಟ.
ನಮ್ಮ ಹಿತ್ತಲಲ್ಲಿ ಹಳೆಯ ಬೀಗವೊಂದನ್ನು ಕೊಟ್ಟು ಕಲಿಸಿದೆ:
ಬಲಕ್ಕೆ ಮೂವತ್ತೊಂದು,
ಎಡಕ್ಕೆ ಒಂದು ಸುತ್ತು ಕಳೆದು ಏಳು,
ಮತ್ತೆ ಬಲಕ್ಕೆ ಹತ್ತೊಂಬತ್ತು, ನಿಧಾನ.
ಮೂರು ಸಲ ತಪ್ಪಿದ. ನಾಲ್ಕನೆಯ ಸಲ ಕೊಂಡಿ ಬಿಟ್ಟುಕೊಂಡಿತು.
ಅಂಗೈಯಲ್ಲಿ ಅದನ್ನು ತೂಗಿ ನೋಡುತ್ತ ಹುಡುಗ ಕೇಳಿದ:
"ಹಾಕಲೇಬೇಕಾ?"

ಮೊದಲ ವಾರ ಹಾಕು, ಅಂದೆ.
ಆಮೇಲೆ ನಿನಗೇ ಗೊತ್ತಾಗುತ್ತೆ.